ವಾರ್ಡಿನಲ್ಲಿ ನಿರ್ಧಾರ ತೆಗೆದುಕೊಳ್ಳುವುದು ಹೇಗೆ? ದಾವಣಗೆರೆಯ ನರ್ಸಿಂಗ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನರ್ಸಿಂಗ್ ಓದುವವರಿಗೆ ಕೇಸುಗಳ ಬರ ಇಲ್ಲ. ಚಿಗಟೇರಿ ಜಿಲ್ಲಾಸ್ಪತ್ರೆ ಇರಲಿ, ಬಾಪೂಜಿ ಇರಲಿ, ಎಲ್ಲೇ ಪೋಸ್ಟಿಂಗ್ ಹಾಕಿದರೂ ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಪೇಶೆಂಟ್‌ಗಳು ಬರುತ್ತಲೇ ಇರುತ್ತಾರೆ. ಹೈವೇ ಹಿಡಿದು ಚಿತ್ರದುರ್ಗದ ಕಡೆಯಿಂದ ಬರುವವರೂ ಇದ್ದಾರೆ. ನೋಡಲು ಜಾಸ್ತಿ ಸಿಗುತ್ತದೆ, ಯೋಚಿಸಲು ಟೈಮ್ ಸಿಗುವುದಿಲ್ಲ.

ನಾನು ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದು, ಈಗ ವಿದ್ಯಾರ್ಥಿಗಳನ್ನು ಪೋಸ್ಟಿಂಗ್‌ಗೆ ಕರೆದುಕೊಂಡು ಹೋಗುವ ಕೆಲಸದಲ್ಲಿದ್ದೇನೆ. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಮತ್ತು ನಿಮ್ಮ ಜೊತೆ ನಿಂತಿರುವ ಸ್ಟಾಫ್ ಸಿಸ್ಟರ್ ಮಾತು ಈ ಪುಟಕ್ಕಿಂತ ದೊಡ್ಡದು.

ಕ್ಲಿನಿಕಲ್ ಜಡ್ಜ್‌ಮೆಂಟ್ ಅಂದರೆ ಏನು ಮೇಡಂ? ಪುಸ್ತಕದ ಭಾಷೆ ಬೇಡ.

ಮನೆಯಲ್ಲಿ ದನ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಅಮ್ಮನಿಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಏನು ರೋಗ ಅಂತ ಆಕೆಗೆ ಗೊತ್ತಿಲ್ಲ. ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ ಅಂತ ಗೊತ್ತು, ಡಾಕ್ಟರನ್ನು ಈಗಲೇ ಕರೆಸಬೇಕು ಅಂತ ಗೊತ್ತು. ವಾರ್ಡಿನಲ್ಲಿ ನಿಮ್ಮಿಂದ ಮೊದಲು ಬೇಕಾಗಿರುವುದು ಇಷ್ಟೇ.

ಪರೀಕ್ಷೆಗೆ ಬೇಕು ಅಂದರೆ, ಕ್ರಿಸ್ಟೀನ್ ಟ್ಯಾನರ್ ಎಂಬ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ 2006ರಲ್ಲಿ ಇದನ್ನು ನಾಲ್ಕು ಹಂತ ಮಾಡಿದರು. ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕೆಲಸ ಮಾಡುವುದು, ಮಾಡಿದ್ದನ್ನು ತಿರುಗಿ ನೋಡುವುದು. ನಾಲ್ಕರಲ್ಲಿ ನಮ್ಮ ಹುಡುಗರು ಎಡವುವುದು ಮೊದಲನೆಯದರಲ್ಲೇ. ಕಣ್ಣಿಗೆ ಬೀಳದ್ದಕ್ಕೆ ಅರ್ಥ ಹುಡುಕುವುದು ಎಲ್ಲಿಂದ?

ಕಾಯಿಲೆ ಕಂಡುಹಿಡಿಯುವುದು ಡಾಕ್ಟರ್ ಕೆಲಸ ಅಲ್ವಾ?

ಹೌದು. ಆದರೆ ಡಾಕ್ಟರ್ ರೌಂಡ್ಸಿನಲ್ಲಿ ಒಂದು ಬೆಡ್ ಹತ್ತಿರ ನಿಲ್ಲುವುದು ಐದು ಹತ್ತು ನಿಮಿಷ. ಉಳಿದ ಹೊತ್ತು ಅಲ್ಲಿ ಇರುವುದು ನೀವು. ಹತ್ತು ಗಂಟೆಗೆ ಚೆನ್ನಾಗಿದ್ದವರು ಹನ್ನೆರಡಕ್ಕೆ ಹೇಗಿದ್ದಾರೆ ಅಂತ ನೋಡಿದವರು ನೀವು ಬಿಟ್ಟು ಬೇರೆ ಯಾರೂ ಇರುವುದಿಲ್ಲ.

ವೈಟಲ್ಸ್ (ಜ್ವರ, ನಾಡಿ, ಉಸಿರು, ಬಿಪಿ) ಬರೆಯುವುದರಲ್ಲಿ ಜಡ್ಜ್‌ಮೆಂಟ್ ಏನು ಬಂತು? ಅದು ಮಾಮೂಲಿ ಕೆಲಸ ಅಲ್ವಾ?

ಯಾವುದಾದರೂ ಜನರಲ್ ವಾರ್ಡಿನ ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರು ಬರೆಯುವ ಹಾಳೆ) ತೆಗೆದು ಉಸಿರಾಟದ ಕಾಲಂ ನೋಡಿ. 20, 20, 18, 20, 20. ಮೂವತ್ತು ಜನ ಬೇರೆ ಬೇರೆ ಕಾಯಿಲೆಯವರು, ಎಲ್ಲರೂ ಒಂದೇ ತಾಳಕ್ಕೆ ಉಸಿರಾಡುತ್ತಿದ್ದಾರಂತೆ! ಯಾರೂ ಎಣಿಸಿಲ್ಲ ಅಂತ ಅರ್ಥ.

ಇದನ್ನು ನಾನು ಬಯ್ಯುವ ಧಾಟಿಯಲ್ಲಿ ಹೇಳುವ ಹಾಗಿಲ್ಲ, ಯಾಕೆಂದರೆ ನಾನೂ ಅದನ್ನೇ ಮಾಡಿದವಳು. ಎರಡನೇ ವರ್ಷದಲ್ಲಿ, ಬೆಳಗಿನ ಡ್ಯೂಟಿ, ಮೆಡಿಕಲ್ ವಾರ್ಡ್. ಒಬ್ಬ ಯಜಮಾನರು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಎರಡು ಕೈ ಮೊಣಕಾಲ ಮೇಲೆ ಊರಿದ್ದರು. ಥರ್ಮಾಮೀಟರ್ ಇಟ್ಟೆ, ನಾಡಿ ಹಿಡಿದೆ, ಉಸಿರಿನ ಜಾಗದಲ್ಲಿ 20 ಬರೆದು ಮುಂದಿನ ಬೆಡ್‌ಗೆ ಹೋದೆ. ಹಿಂದೆಯೇ ಬಂದ ಸ್ಟಾಫ್ ಸಿಸ್ಟರ್ ಅವರ ಎದೆಯನ್ನೇ ಒಂದು ನಿಮಿಷ ನೋಡುತ್ತಾ ನಿಂತರು. ಆಮೇಲೆ ನನ್ನ ಪೆನ್ನು ಇಸ್ಕೊಂಡು 20ರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 34 ಬರೆದರು. ಒಂದು ಮಾತೂ ಆಡಲಿಲ್ಲ. ಆ ಯಜಮಾನರನ್ನು ಅರ್ಧ ಗಂಟೆಯಲ್ಲಿ ಐಸಿಯುಗೆ ಕಳಿಸಿದರು.

ಮೈ ಕೆಡುವಾಗ ಮೊದಲು ಏರುವ ನಂಬರುಗಳಲ್ಲಿ ಉಸಿರಾಟ ಒಂದು. ನಾವು ನೋಡದೆ ಬಿಡುವುದೂ ಅದನ್ನೇ. ನಾಡಿ ಹಿಡಿದ ಹಾಗೆಯೇ ಕೈ ಇಟ್ಟುಕೊಂಡು, ಕಣ್ಣು ಎದೆಯ ಕಡೆ ಇಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೇನೆ ಅಂತ ಹೇಳಬೇಡಿ, ಹೇಳಿದರೆ ಅವರು ಉಸಿರು ಬದಲಾಯಿಸುತ್ತಾರೆ. ಎಣಿಸುವ ಆ ಒಂದು ನಿಮಿಷದಲ್ಲಿ ಬೇರೆಯದೂ ಕಾಣುತ್ತದೆ. ಮಾತು ಪೂರ್ತಿ ಮುಗಿಸುತ್ತಾರಾ, ಎರಡು ಪದಕ್ಕೆ ಒಮ್ಮೆ ನಿಲ್ಲುತ್ತಾರಾ? ತುಟಿ ಯಾವ ಬಣ್ಣ? ಕತ್ತಿನ ಸ್ನಾಯು ಎಳೆಯುತ್ತಿದೆಯಾ?

ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಕೈ ತಣ್ಣಗಿದ್ದರೆ, ಬೆರಳಿಗೆ ಗಾಢವಾಗಿ ಮೆಹಂದಿ ಹಚ್ಚಿದ್ದರೆ ಅದು ತಪ್ಪು ತೋರಿಸಬಹುದು. ಮದುವೆ ಸೀಸನ್ನಿನಲ್ಲಿ ಇದು ನೆನಪಿರಲಿ. ಬೇರೆ ಬೆರಳು ಅಥವಾ ಕಿವಿಯ ತುದಿ ನೋಡಿ. ಹಾಗಂತ ಕಡಿಮೆ ಬಂದ ನಂಬರನ್ನೆಲ್ಲ ಮೆಷಿನ್ ತಲೆಗೆ ಕಟ್ಟಬೇಡಿ. ಮೊದಲು ಮುಖ ನೋಡಿ, ಆಮೇಲೆ ಮೆಷಿನ್.

ನ್ಯೂಸ್ ಸ್ಕೋರ್ ನಮಗೆ ಬೇಕಾ?

ಬೇಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ಪೇಶೆಂಟ್ ಸ್ಥಿತಿ ಕೆಡುತ್ತಿದೆ ಅಂತ ಮೊದಲೇ ಎಚ್ಚರಿಸುವ ಲೆಕ್ಕ ಇದು. ಉಸಿರಾಟ, ಆಕ್ಸಿಜನ್ ಪ್ರಮಾಣ, ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದೇವಾ, ಮೇಲಿನ ಬಿಪಿ, ನಾಡಿ, ಎಚ್ಚರ, ಜ್ವರ, ಇವಕ್ಕೆ ಅಂಕ ಕೊಟ್ಟು ಕೂಡಿಸುವುದು.

ಒಂದು ಲೆಕ್ಕ ಮಾಡಿ ನೋಡೋಣ. ಉಸಿರು 24, ಅದಕ್ಕೆ 2. ಆಕ್ಸಿಜನ್ ಹಾಕದೆ 94, ಅದಕ್ಕೆ 1. ಬಿಪಿ 108, ಅದಕ್ಕೆ 1. ನಾಡಿ 112, ಅದಕ್ಕೆ 2. ಜ್ವರ 38.4 ಡಿಗ್ರಿ ಸೆಲ್ಸಿಯಸ್, ಅದಕ್ಕೆ 1. ಎಚ್ಚರವಾಗಿ ಮಾತಾಡುತ್ತಿದ್ದಾರೆ, ಸೊನ್ನೆ. ಒಂದೊಂದನ್ನೇ ನೋಡಿದರೆ ಯಾವುದೂ ಎದೆ ಝಲ್ಲೆನ್ನುವ ನಂಬರಲ್ಲ. ಕೂಡಿಸಿದರೆ 7. ಐದಕ್ಕೇ ಬೇಗ ನೋಡಬೇಕು, ಏಳಕ್ಕೆ ತುರ್ತು ಅಂತ ಲೆಕ್ಕ. ಯಾವುದಾದರೂ ಒಂದರಲ್ಲೇ 3 ಬಂದರೂ ಹೇಳಬೇಕು.

ಬಸುರಿಯರಿಗೆ, 16 ವರ್ಷದೊಳಗಿನ ಮಕ್ಕಳಿಗೆ ಈ ಲೆಕ್ಕ ಹಾಕಬೇಡಿ. ಅವರ ನಂಬರುಗಳೇ ಬೇರೆ.

ಬಿಪಿ ನಾರ್ಮಲ್ ಇದ್ದರೆ ನೆಮ್ಮದಿಯಿಂದ ಇರಬಹುದಾ?

ಚಿಕ್ಕ ವಯಸ್ಸಿನವರಲ್ಲಿ ಇರಬೇಡಿ. ಹೆರಿಗೆ ವಾರ್ಡಿನ ಉದಾಹರಣೆ ಕೊಡುತ್ತೇನೆ. ಇಪ್ಪತ್ತೆರಡು ವರ್ಷದ ಬಾಣಂತಿ, ಹೆರಿಗೆಯಾಗಿ ಒಂದೂವರೆ ಗಂಟೆ. ನಾಡಿ ಮೊದಲು 88, ಆಮೇಲೆ 104, ಈಗ 122. ಬಿಪಿ ಇನ್ನೂ 112. ಚಾರ್ಟ್ ನೋಡಿದವರು ‘ಬಿಪಿ ಚೆನ್ನಾಗಿದೆ’ ಅನ್ನುತ್ತಾರೆ. ನಿಜ ಏನೆಂದರೆ ರಕ್ತ ಹೋಗುತ್ತಿದೆ, ಹೃದಯ ಓಡಿ ಓಡಿ ಬಿಪಿಯನ್ನು ಎತ್ತಿ ಹಿಡಿದಿದೆ. ಅದಕ್ಕೆ ಸುಸ್ತಾದ ಕ್ಷಣ ಬಿಪಿ ಒಮ್ಮೆಗೇ ಬೀಳುತ್ತದೆ. ನಾಡಿಯ ನಂಬರ್ ಮೇಲಿನ ಬಿಪಿಯನ್ನು ದಾಟಿದರೆ ಅದು ಅಪಾಯದ ಗಂಟೆ.

ಪ್ಯಾಡ್ ನೋಡಿದರೆ ಸಾಲದು. ಬೆನ್ನಿನ ಕೆಳಗೆ ಕೈ ಹಾಕಿ ನೋಡಿ, ರಕ್ತ ಹಿಂದೆ ಹರಿದು ಬೆಡ್‌ಶೀಟಿನಲ್ಲಿ ನಿಂತಿರುತ್ತದೆ. ಹೊಟ್ಟೆಯ ಮೇಲೆ ಕೈ ಇಡಿ. ಗರ್ಭಕೋಶ ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಮೆತ್ತಗಿದ್ದರೆ ಉಜ್ಜುತ್ತಾ ಕೂಗಿ ಕರೆಯಿರಿ. ಕೂಗಲು ನಾಚಿಕೆ ಬೇಡ. ಸಹಜ ಹೆರಿಗೆಯಲ್ಲಿ 500 ಎಂಎಲ್ ದಾಟಿದರೆ ಅದನ್ನು ಅತಿ ರಕ್ತಸ್ರಾವ ಅಂತಲೇ ಎಣಿಸುವುದು. ಹೆರಿಗೆಗೆ ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಅದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಕುತ್ತು.

ನೈಟ್ ಡ್ಯೂಟಿಯಲ್ಲಿ ನಾಲ್ಕು ಜನ ಒಟ್ಟಿಗೆ ಇದ್ದರೆ ಯಾರ ಹತ್ತಿರ ಮೊದಲು ಹೋಗುವುದು?

ಈ ಪ್ರಶ್ನೆಗೆ ಎಲ್ಲರೂ ‘ಎಬಿಸಿ ನೋಡಬೇಕು’ ಅನ್ನುತ್ತಾರೆ. ಗಂಟಲು, ಉಸಿರು, ರಕ್ತಸಂಚಾರ, ಸರಿ. ಆದರೆ ರಾತ್ರಿ ಎರಡಕ್ಕೆ ವಾರ್ಡ್ ಹೀಗಿರುತ್ತದೆ:

ಹರ್ನಿಯಾ ಆಪರೇಷನ್ ಆದವರು ನೋವು ಅಂತ ಕಿರುಚುತ್ತಿದ್ದಾರೆ. ಕಿಟಕಿ ಪಕ್ಕದ ಬೆಡ್ಡಿನ ಕಡೆಯವರು ‘ಸಿಸ್ಟರ್, ಬಾಟ್ಲಿ ಖಾಲಿ ಆತು, ಗಾಳಿ ಒಳಗ ಹೋಕ್ಕೈತಿ’ ಅಂತ ಬಾಗಿಲಲ್ಲೇ ನಿಂತಿದ್ದಾರೆ. ಇನ್ನೊಬ್ಬರ ಯೂರಿನ್ ಬ್ಯಾಗ್ ತುಂಬಿದೆ. ಮೂಲೆಯಲ್ಲಿ ಡೆಂಗ್ಯೂ ಆದ ಹದಿನೆಂಟರ ಹುಡುಗ, ಐದನೇ ದಿನ. ಸಂಜೆಯಿಂದ ಜ್ವರ ಇಲ್ಲ. ಅವರ ಅಮ್ಮ ಖುಷಿಯಾಗಿದ್ದಾರೆ. ‘ಈಗ ಸುಮ್ನೆ ಮಲಗ್ಯಾನ ಯವ್ವಾ, ಎಬ್ಬಿಸಬ್ಯಾಡ’ ಅನ್ನುತ್ತಾರೆ.

ಆ ಹುಡುಗನ ಹತ್ತಿರ ಹೋಗಿ.

ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೆಚ್ಚಾಗಿ ಮೂರರಿಂದ ಏಳನೇ ದಿನದೊಳಗೆ ರಕ್ತನಾಳದಿಂದ ನೀರು ಹೊರಗೆ ಸೋರುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ಚಡಪಡಿಕೆ ಅಥವಾ ವಿಪರೀತ ಮಂಪರು, ಇವು ಎಚ್ಚರಿಕೆಯ ಗುರುತು. ಆ ಹುಡುಗನ ಪಾದ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಉಗುರು ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬಿಪಿ ನೋಡಿದರೆ 98/80. ಮೇಲಿನದನ್ನೇ ನೋಡಿದವರು ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಎರಡರ ನಡುವಿನ ಅಂತರ ಲೆಕ್ಕ ಹಾಕಿ, 18. ಅದು 20 ಅಥವಾ ಅದಕ್ಕಿಂತ ಕಡಿಮೆ ಬಂದರೆ ಡೆಂಗ್ಯೂ ಶಾಕ್. ಪ್ಲೇಟ್‌ಲೆಟ್ ಎಷ್ಟು ಅಂತಲೇ ಎಲ್ಲರೂ ಕೇಳುತ್ತಾ ಕೂತಿರುತ್ತಾರೆ, ಈ ಅಂತರವನ್ನು ಯಾರೂ ಕೇಳುವುದಿಲ್ಲ.

ಡ್ಯೂಟಿ ಡಾಕ್ಟರಿಗೆ ಫೋನ್ ಹಚ್ಚುತ್ತಾ ದಾರಿಯಲ್ಲಿ ಖಾಲಿ ಡ್ರಿಪ್ಪಿನ ಕ್ಲಾಂಪ್ ತಿರುಗಿಸಿ ನಿಲ್ಲಿಸಿ, ಹತ್ತು ಸೆಕೆಂಡಿನ ಕೆಲಸ. ಹರ್ನಿಯಾದವರಿಗೆ ‘ಹತ್ತು ನಿಮಿಷದಲ್ಲಿ ಬರ್ತೀನಿ’ ಅಂತ ಹೇಳಿ, ಹೇಳಿದ ಮೇಲೆ ಹೋಗಿ. ಕಿರುಚುವವರ ಗಂಟಲು, ಉಸಿರು ಎರಡೂ ಸದ್ಯಕ್ಕೆ ಚೆನ್ನಾಗಿವೆ ಅಂತ ಆ ಕಿರುಚಾಟವೇ ಹೇಳುತ್ತಿದೆ. ನಾನು ಹೆದರುವುದು ಸದ್ದಿಲ್ಲದ ಬೆಡ್‌ಗೆ.

ಪೇಶೆಂಟ್ ಹೇಳುವ ಮಾತೇ ಅರ್ಥ ಆಗುವುದಿಲ್ಲ. ಏನು ಮಾಡಲಿ?

ಕೇರಳದಿಂದ, ಈಶಾನ್ಯದಿಂದ ಬಂದ ವಿದ್ಯಾರ್ಥಿಗಳು ಕೇಳುವುದು ಸರಿ. ಮೈಸೂರು ಕಡೆಯವರೂ ಇದನ್ನೇ ಕೇಳುತ್ತಾರೆ! ನಮ್ಮ ಕಡೆ ಜನ ಕಾಯಿಲೆಯನ್ನು ತಮ್ಮದೇ ಮಾತಲ್ಲಿ ಹೇಳುತ್ತಾರೆ. ಅದನ್ನು ಇಂಗ್ಲಿಷಿಗೆ ತಿರುಗಿಸುವ ಅವಸರದಲ್ಲಿ ನಾವು ಅರ್ಧ ಕಳೆದುಕೊಳ್ಳುತ್ತೇವೆ.

‘ಸಂಕಟ ಆಗ್ತೈತಿ’ ಅನ್ನುವುದನ್ನೇ ತೆಗೆದುಕೊಳ್ಳಿ. ಅದು ವಾಕರಿಕೆ ಇರಬಹುದು, ಎದೆ ಹಿಂಡುವುದು ಇರಬಹುದು, ಉಸಿರು ಕಟ್ಟುವುದು ಇರಬಹುದು. ‘ಎಲ್ಲಿ ಅಜ್ಜಿ, ಕೈ ಇಟ್ಟು ತೋರಿಸ್ರಿ’ ಅಂತ ಕೇಳಿ. ಹೊಟ್ಟೆಯ ಮೇಲೆ ಇಡುತ್ತಾರೋ, ಎದೆಯ ನಡುವೆ ಅಂಗೈ ಒತ್ತುತ್ತಾರೋ ನೋಡಿ. ಸಕ್ಕರೆ ಕಾಯಿಲೆ ಇರುವ ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಎದೆನೋವು ಇಲ್ಲದೆಯೂ ಬರುತ್ತದೆ. ಬರೀ ಸಂಕಟ, ಬೆವರು, ಸುಸ್ತು. ‘ಗ್ಯಾಸು’ ಅಂತ ಅವರೂ ಅನ್ನುತ್ತಾರೆ, ನಾವೂ ನಂಬುತ್ತೇವೆ. ಅನುಮಾನ ಬಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮಾಡಿ ನಾರ್ಮಲ್ ಬಂದರೆ ಹೋಗಿದ್ದು ಒಂದು ಪೇಪರ್, ಅಷ್ಟೇ.

‘ಬವಳಿ ಬಂತು’ ಅಂದರೆ ತಲೆ ತಿರುಗಿ ಬಿದ್ದದ್ದು. ಅವರನ್ನು ಒಬ್ಬರನ್ನೇ ಬಾತ್‌ರೂಮಿಗೆ ಬಿಡಬೇಡಿ. ‘ದಮ್ಮು’ ಉಬ್ಬಸ. ‘ಕಾಲ್ಮಡಿ’ ಮೂತ್ರ. ‘ಹೊರಕಡೆ’ ಅಂದರೆ ಎರಡಕ್ಕೆ ಹೋಗುವುದು. ‘ಕಾಮಣಿ’ ಕಾಮಾಲೆ. ‘ಬಿಳಿ ಸೆರಗು’ ಅಂತ ಹೆಂಗಸರು ಪಿಸುಮಾತಲ್ಲಿ ಹೇಳಿದರೆ ಪರದೆ ಎಳೆದು ಕೇಳಿ. ಗಂಡಸರ ಮುಂದೆ ಗಟ್ಟಿಯಾಗಿ ‘ಏನಮ್ಮಾ?’ ಅಂತ ಕೇಳಿದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ.

‘ಲಕ್ವ ಹೊಡೀತು’ ಅಂತ ಕರೆತಂದರೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವಾಗ ಹೊಡೀತು?’ ಅನ್ನುವುದಲ್ಲ. ಬೆಳಗ್ಗೆ ಎದ್ದಾಗ ನೋಡಿದವರು ‘ಬೆಳಗ್ಗೆ’ ಅನ್ನುತ್ತಾರೆ. ‘ಕೊನೆಗೆ ಚೆನ್ನಾಗಿ ಮಾತಾಡಿದ್ದು, ನಡೆದಾಡಿದ್ದು ಯಾವಾಗ?’ ಅಂತ ಕೇಳಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಆ ಗಡಿಯಾರ ಶುರುವಾಗುವುದು ಅಲ್ಲಿಂದ.

ಡಾಕ್ಟರಿಗೆ ಫೋನ್ ಮಾಡಲು ಭಯ. ಬಯ್ದರೆ?

ಬಯ್ಯುತ್ತಾರೆ, ಕೆಲವರು. ನಿದ್ದೆಗಣ್ಣಲ್ಲಿ ಎದ್ದವರಿಗೆ ‘ಸರ್, ಪೇಶೆಂಟ್ ಯಾಕೋ ಒಂಥರಾ ಇದ್ದಾರೆ, ಬನ್ನಿ’ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ವಿದ್ಯಾರ್ಥಿಯಾಗಿ ನೀವು ಮೊದಲು ಹೇಳಬೇಕಾಗಿರುವುದು ಸ್ಟಾಫ್ ಸಿಸ್ಟರಿಗೆ. ಅವರು ‘ನೀನೇ ಮಾತಾಡು’ ಅಂದರೆ ಹೀಗೆ ಮಾತಾಡಿ:

‘ಸರ್, ಮೇಲ್ ಮೆಡಿಕಲ್ ವಾರ್ಡಿನಿಂದ, ನರ್ಸಿಂಗ್ ಸ್ಟೂಡೆಂಟ್. ಬೆಡ್ 14, ಡೆಂಗ್ಯೂ, ಐದನೇ ದಿನ. ಸಂಜೆ ಆರಕ್ಕೆ ಜ್ವರ ಬಿಟ್ಟಿದೆ. ಈಗ ಬಿಪಿ 98/80, ನಾಡಿ 118, ಕೈಕಾಲು ತಣ್ಣಗಿದೆ, ಸಂಜೆ ಆರರಿಂದ ಯೂರಿನ್ ಆಗಿಲ್ಲ. ಶಾಕ್‌ಗೆ ಹೋಗ್ತಿದ್ದಾರೆ ಅನ್ನಿಸ್ತಿದೆ. ನೀವು ಈಗ ಬಂದು ನೋಡಬೇಕು ಸರ್. ಬರುವಷ್ಟರಲ್ಲಿ ಫ್ಲೂಯಿಡ್ ಏನಾದರೂ ಶುರು ಮಾಡಬೇಕಾ?’

ಅರ್ಧ ನಿಮಿಷ. ಇದಕ್ಕೆ ಎಸ್‌ಬಾರ್ ಅನ್ನುತ್ತಾರೆ. ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಅಮೆರಿಕದ ನೌಕಾಪಡೆಯ ಸಬ್‌ಮೆರೀನುಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಪದ್ಧತಿ. ನಮ್ಮ ಹುಡುಗಿಯರು ಮೂರು ಭಾಗ ಚೆನ್ನಾಗಿ ಹೇಳಿ ಕೊನೆಯದನ್ನು ನುಂಗುತ್ತಾರೆ. ‘ಬನ್ನಿ’ ಅನ್ನುವುದು ದೊಡ್ಡವರಿಗೆ ಆಜ್ಞೆ ಮಾಡಿದ ಹಾಗೆ ಅಂತ ಸಂಕೋಚ. ಸಂಕೋಚ ಇದ್ದರೆ ‘ಸರ್’ ಎರಡು ಸಲ ಸೇರಿಸಿ, ಆದರೆ ಕೇಳಿ.

ಫೋನಿನಲ್ಲಿ ಆರ್ಡರ್ ಕೊಟ್ಟರೆ ಅದನ್ನು ತೆಗೆದುಕೊಳ್ಳುವುದು ಸ್ಟಾಫ್ ಸಿಸ್ಟರ್, ನೀವಲ್ಲ. ಅವರು ಬರೆದುಕೊಂಡು ವಾಪಸ್ ಓದಿ ಹೇಳುವುದನ್ನು ನೋಡಿ ಕಲಿಯಿರಿ. ಕರೆದ ಟೈಮು, ಯಾರು ಎತ್ತಿದರು, ಏನಂದರು, ಮೂರೂ ನರ್ಸಸ್ ನೋಟಿನಲ್ಲಿ ಇರಲಿ. ಯಾರೂ ಎತ್ತದಿದ್ದರೆ ಅದೂ ಇರಲಿ, ಮತ್ತು ಅವರ ಮೇಲಿನವರಿಗೆ ಫೋನ್ ಹೋಗಲಿ.

ನಂಬರೆಲ್ಲ ಸರಿ ಇದೆ, ಆದರೆ ‘ಯಾಕೋ ಸರಿ ಇಲ್ಲ’ ಅನ್ನಿಸುತ್ತದೆ. ಅದನ್ನೂ ಹೇಳಬೇಕಾ?

ಹೇಳಿ. ಎಷ್ಟೋ ಆಸ್ಪತ್ರೆಗಳ ತುರ್ತು ತಂಡವನ್ನು ಕರೆಯುವ ಪಟ್ಟಿಯಲ್ಲಿ ‘ನರ್ಸಿಗೆ ಆತಂಕವಾಗಿದೆ’ ಅನ್ನುವುದೇ ಒಂದು ಕಾರಣ. ಆದರೆ ಅನ್ನಿಸಿದ್ದನ್ನು ಬಾಯಲ್ಲೇ ಇಟ್ಟುಕೊಂಡು ತಿರುಗಬೇಡಿ. ಮತ್ತೊಮ್ಮೆ ಪೂರ್ತಿ ವೈಟಲ್ಸ್ ತೆಗೆಯಿರಿ. ಸಕ್ಕರೆ ನೋಡಿ. ಯೂರಿನ್ ಎಷ್ಟು ಬಂದಿದೆ ನೋಡಿ. ನಿನ್ನೆಯ ಚಾರ್ಟ್ ಪಕ್ಕದಲ್ಲಿಟ್ಟು ನೋಡಿ. ಮನೆಯವರನ್ನು ಕೇಳಿ, ‘ಇವರು ಯಾವಾಗಲೂ ಹೀಗೇನಾ?’ ಅಜ್ಜಿ ನಿನ್ನೆ ಮೊಮ್ಮಗಳ ಹೆಸರು ಹಿಡಿದು ಬಯ್ಯುತ್ತಿದ್ದರು, ಇವತ್ತು ಅವಳನ್ನು ‘ಯಾರವ್ವಾ ನೀನು’ ಅಂತ ಕೇಳಿದರೆ, ವಯಸ್ಸಾಯಿತು ಅಂತ ಬಿಡಬೇಡಿ. ಒಂದೇ ದಿನದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಸೋಂಕು, ಸೋಡಿಯಂ, ಸಕ್ಕರೆ, ಕಟ್ಟಿದ ಮೂತ್ರ, ಏನೋ ಒಂದು ಇರುತ್ತದೆ.

ಕೇಸ್ ಶೀಟಿನಲ್ಲಿ ಬರೆದ ಆರ್ಡರ್ ತಪ್ಪು ಅನ್ನಿಸಿದರೆ?

ಕೊಡಬೇಡಿ, ಕೇಳಿ. ‘ಬರೆದಿದ್ದರು, ಕೊಟ್ಟೆ’ ಅನ್ನುವುದು ಉತ್ತರ ಆಗುವುದಿಲ್ಲ.

ಇನ್ಸುಲಿನ್ ವಿಷಯ ಬಿಡಿಸಿ ಹೇಳುತ್ತೇನೆ, ಇದರಲ್ಲಿ ಜಾಸ್ತಿ ಎಡವಟ್ಟು ಆಗುತ್ತದೆ. ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುವುದೂ ಉಂಟು, 100 ಇರುವುದೂ ಉಂಟು. ಸಿರಿಂಜಿನಲ್ಲೂ ಎರಡು ಬಗೆ, ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ನೂರರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಬಾಟಲಿ ಓದಿ, ಮುಚ್ಚಳ ನೋಡಿ, ಇನ್ನೊಬ್ಬರಿಗೆ ತೋರಿಸಿ, ಆಮೇಲೆ ಚುಚ್ಚಿ.

ಡೋಸ್ ಸರಿ ಇದ್ದರೂ ಹೊತ್ತು ತಪ್ಪಬಹುದು. ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟಾಯ್ತು, ಊಟದ ಕ್ಯಾರಿಯರ್ ಜಗಳೂರು ಬಸ್ಸಿನಲ್ಲಿದೆ, ಬಸ್ಸು ಇನ್ನೂ ಬಂದಿಲ್ಲ. ಅಥವಾ ಸೋಮವಾರ, ಅಜ್ಜಿ ಒಪ್ಪತ್ತು. ಅದಕ್ಕೇ ‘ಊಟ ಎದುರಿಗೆ ಇದೆಯಾ?’ ಅಂತ ನೋಡಿ ಕೊಡಿ. ಬೆವರು, ನಡುಕ, ಅಸಂಬದ್ಧ ಮಾತು ಕಂಡರೆ ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದು ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಬೇಕು, ಡಾಕ್ಟರನ್ನು ಕರೆಯಿರಿ.

ತಿರುಗುಮುರುಗೂ ಆಗುತ್ತದೆ. ಸಕ್ಕರೆ 380 ಬಂತು, ಡೋಸ್ ಏರಿಸೋಣ ಅನ್ನುವ ಮುಂಚೆ ಲಾಕರ್ ಕಡೆ ಒಂದು ಕಣ್ಣು ಹಾಯಿಸಿ. ಬೆಣ್ಣೆ ದೋಸೆಯ ಪೊಟ್ಟಣ ಸಿಕ್ಕೀತು. ದಾವಣಗೆರೆ ರೀ ಇದು.

ಇನ್ನೊಂದು, ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ನಾಳಕ್ಕೆ ತಳ್ಳಿ ಅಂತ ಯಾರೇ ಹೇಳಿದರೂ ತಳ್ಳಬೇಡಿ. ಹೃದಯ ನಿಂತುಹೋಗುತ್ತದೆ. ಅದನ್ನು ಸಲೈನಿನಲ್ಲಿ ಕರಗಿಸಿ ನಿಧಾನವಾಗಿಯೇ ಬಿಡಬೇಕು.

ಡ್ರಿಪ್ ಲೆಕ್ಕಕ್ಕೆ ಮೊಬೈಲ್ ಬಳಸಬಹುದಾ?

ಬಳಸಿ, ಆದರೆ ಉತ್ತರ ಸುಮಾರು ಎಷ್ಟು ಬರಬೇಕು ಅಂತ ತಲೆಯಲ್ಲಿ ಮೊದಲೇ ಇರಲಿ. 500 ಎಂಎಲ್ ನಾಲ್ಕು ಗಂಟೆಗೆ ಅಂದರೆ ಗಂಟೆಗೆ 125. ಎಂಎಲ್‌ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ ಸುಮಾರು 42 ಹನಿ. ಮೊಬೈಲ್ 420 ತೋರಿಸಿದರೆ ನಿಮ್ಮ ಬೆರಳು ಜಾರಿದೆ.

‘ಔಷಧಿ ಕುಡಿದ’ ಕೇಸಿನಲ್ಲಿ ನರ್ಸ್ ಏನು ನೋಡಬೇಕು?

ಮೆಕ್ಕೆಜೋಳ, ಹತ್ತಿ, ಈರುಳ್ಳಿ ಬೆಳೆಯುವ ಸೀಮೆ ನಮ್ಮದು. ಕೀಟನಾಶಕ ಮನೆಯಲ್ಲೇ ಇರುತ್ತದೆ. ಹಾಗಾಗಿ ಈ ಕೇಸು ನಿಮಗೆ ಸಿಕ್ಕೇ ಸಿಗುತ್ತದೆ. ಗ್ಲೌಸ್ ಹಾಕಿಕೊಂಡು ಬಟ್ಟೆ ತೆಗೆದು ಮೈ ತೊಳೆಯುವುದು ಮೊದಲ ಕೆಲಸ, ಚರ್ಮದಿಂದಲೂ ವಿಷ ಹೋಗುತ್ತದೆ.

ಆರ್ಗನೋಫಾಸ್ಫರಸ್ ಬಗೆಯ ಕೀಟನಾಶಕ ಆದರೆ ಅಟ್ರೋಪಿನ್ ಅನ್ನುವ ಪ್ರತಿಮದ್ದು ಶುರು ಮಾಡುತ್ತಾರೆ. ವಿದ್ಯಾರ್ಥಿಗಳು ಟಾರ್ಚ್ ಹಿಡಿದು ಕಣ್ಣಿನ ಪಾಪೆ ಒಂದನ್ನೇ ನೋಡುತ್ತಾರೆ. ಮದ್ದು ಸಾಕಾಯಿತಾ ಅಂತ ತಿಳಿಯಲು ಪಾಪೆ ಒಂದೇ ಸಾಲದು. ಎದೆಯಲ್ಲಿ ಗೊರಗೊರ ನಿಂತಿದೆಯಾ? ಕಂಕುಳು ಒಣಗಿದೆಯಾ? ಕೈ ಹಾಕಿ ನೋಡಿ. ನಾಡಿ 80ರ ಮೇಲಿದೆಯಾ? ಅಟ್ರೋಪಿನ್ ಹೆಚ್ಚಾದರೂ ತೊಂದರೆಯೇ. ಮೈ ಕಾದು, ಮೂತ್ರ ಕಟ್ಟಿ, ಗಾಳಿಯಲ್ಲಿ ಏನೋ ಹಿಡಿಯುವ ಹಾಗೆ ಕೈ ಆಡಿಸುತ್ತಾರೆ, ಬೆಡ್‌ಶೀಟ್ ಕೀಳುತ್ತಾರೆ. ‘ತಲಿ ಕೆಟ್ಟೈತಿ’ ಅನ್ನುತ್ತಾರೆ ಮನೆಯವರು. ಕೈ ಕಟ್ಟಿಹಾಕುವ ಮೊದಲು ಡಾಕ್ಟರಿಗೆ ಹೇಳಿ, ಡೋಸ್ ಇಳಿಸಬೇಕಾಗಬಹುದು.

ನನಗೆ ಮುಖ್ಯ ಅನ್ನಿಸುವುದು ಮುಂದಿನದು. ಮೊದಲ ದಿನ ಕಳೆದು ಚೇತರಿಸಿಕೊಂಡ ಹಾಗೆ ಕಾಣುತ್ತಾರೆ. ಮನೆಯವರು ಇನ್ನು ಭಯವಿಲ್ಲ ಅಂದುಕೊಳ್ಳುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಸ್ನಾಯು ಸೋಲುತ್ತವೆ, ಉಸಿರಾಟದ ಸ್ನಾಯುವೂ ಸೇರಿ. ಮೊದಲು ಸೋಲುವುದು ಹೆಚ್ಚಾಗಿ ಕತ್ತು. ಪ್ರತಿ ಸಲ ವೈಟಲ್ಸ್ ನೋಡುವಾಗ ‘ದಿಂಬಿನಿಂದ ತಲೆ ಎತ್ರಿ ನೋಡೋಣ’ ಅನ್ನಿ. ಬೆಳಗ್ಗೆ ಎತ್ತಿ ಹಿಡಿದವರು ಮಧ್ಯಾಹ್ನ ಎತ್ತಲಾಗದಿದ್ದರೆ ಓಡಿ. ಆಕ್ಸಿಮೀಟರಿನ ನಂಬರ್ ಬೀಳುವುದು ಆಮೇಲೆ. ಯಾವ ಮೆಷಿನ್ನೂ ಬೇಡದ, ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು.

ಹಾಗೆಯೇ, ‘ಯಾಕೆ ಹಿಂಗ್ ಮಾಡ್ಕೊಂಡ್ಯವ್ವಾ’ ಅಂತ ಎಲ್ಲರೆದುರು ಕೇಳಬೇಡಿ. ಪಕ್ಕದಲ್ಲಿ ಕೂತು ನೀರು ಬೇಕಾ ಅಂತ ಕೇಳಿ. ಒಬ್ಬರನ್ನೇ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ, ಅಪರಾಧಿ ಅಂತ ಅಲ್ಲ. ಡಿಸ್ಚಾರ್ಜ್ ಆಗುವಾಗ ಟೆಲಿ ಮಾನಸ್ ನಂಬರ್ 14416 ಚೀಟಿಯಲ್ಲಿ ಬರೆದು ಕೊಡಿ. ನಿಮಗೇ ಆ ಡ್ಯೂಟಿ ಭಾರವಾದರೆ ನೀವೂ ಅದೇ ನಂಬರಿಗೆ ಮಾತಾಡಬಹುದು.

ಹಾವು ಕಡಿದ ಗುರುತೇ ಇಲ್ಲ, ಆದರೂ ಅನುಮಾನ ಪಡಬೇಕಾ?

ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬಂದು, ರೆಪ್ಪೆ ಜೋತುಬಿದ್ದಿದ್ದರೆ ಖಂಡಿತ ಪಡಿ. ಕಟ್ಟುಹಾವು ಕಡಿದರೆ ಗುರುತು ಕಾಣದೆಯೂ ಇರಬಹುದು. ಮಂಡಲದ ಹಾವಿನ ಅನುಮಾನ ಇದ್ದರೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತಾರೆ. ಒಣಗಿದ, ಶುದ್ಧ ಗಾಜಿನ ಟ್ಯೂಬೇ ಬೇಕು. ಪ್ಲಾಸ್ಟಿಕ್ ಟ್ಯೂಬಾದರೆ, ಸೋಪಿನಲ್ಲಿ ತೊಳೆದದ್ದಾದರೆ ಫಲಿತಾಂಶ ತಪ್ಪುತ್ತದೆ. ಮಧ್ಯೆ ಮಧ್ಯೆ ಅಲ್ಲಾಡಿಸಿ ನೋಡಬೇಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಪೇಶೆಂಟ್ ಕಡೆಯವರು ನಮ್ಮ ಮಾತು ಕೇಳುವುದಿಲ್ಲ.

ಆಪರೇಷನ್ನಿಗೆ ಮುಂಚೆ ‘ನೀರು ಕೊಡಬೇಡಿ’ ಅಂತ ಹೇಳಿ ಹೋದರೆ, ನೀವು ಆಚೆ ತಿರುಗಿದ ಕೂಡಲೇ ಕೊಡುತ್ತಾರೆ. ಬಾಯಿ ಒಣಗಿದ ಮಗನಿಗೆ ತಾಯಿ ನೀರು ಕೊಡದೆ ಇರುತ್ತಾಳಾ? ಕಾರಣ ಹೇಳಿ. ‘ಹೊಟ್ಟ್ಯಾಗ ಏನರ ಇದ್ರ, ಅನಸ್ತೇಸಿಯಾ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕ ಹೋಗ್ತೈತಿ ಅಮ್ಮಾ’ ಅನ್ನಿ. ಹತ್ತಿ ಒದ್ದೆ ಮಾಡಿ ತುಟಿ ಒರೆಸಲು ಕೊಡಿ, ಕೈಗೆ ಒಂದು ಕೆಲಸ ಸಿಕ್ಕಿದರೆ ಅವರಿಗೂ ಸಮಾಧಾನ.

ತಪ್ಪು ಆಗಿಹೋದರೆ?

ಮೊದಲು ಪೇಶೆಂಟ್ ಹತ್ತಿರ ಹೋಗಿ ನೋಡಿ. ಆಮೇಲೆ ತಕ್ಷಣ ಹೇಳಿ, ಅಳುವುದು ಆಮೇಲೆ. ಬರೆದದ್ದನ್ನು ವೈಟ್ನರ್ ಹಾಕಿ ಮುಚ್ಚಬೇಡಿ, ಒಂದು ಗೆರೆ ಎಳೆದು, ಸರಿ ಬರೆದು, ಸಹಿ ಮತ್ತು ಟೈಮ್ ಹಾಕಿ. ಹೇಳಿದ ತಪ್ಪಿಗೆ ಬೈಗುಳ ಬೀಳುತ್ತದೆ, ಸುಳ್ಳು ಯಾಕೆ ಹೇಳಲಿ? ನಾನು ಓದಿದ ಕಡೆ ಒಬ್ಬ ಹುಡುಗಿ ಬೇರೆ ಬೆಡ್ಡಿನ ಮಾತ್ರೆ ಕೊಟ್ಟದ್ದನ್ನು ತಾನೇ ಬಂದು ಹೇಳಿದಳು. ಅವಳನ್ನು ವಾರಗಟ್ಟಲೆ ಎಲ್ಲರೆದುರು ಹಂಗಿಸಿದರು. ಆಮೇಲೆ ನಮ್ಮ ಬ್ಯಾಚಿನಲ್ಲಿ ಯಾರೂ ಏನನ್ನೂ ಹೇಳಲಿಲ್ಲ. ತಪ್ಪು ನಿಂತಿರಲಿಲ್ಲ, ಹೇಳುವುದು ನಿಂತಿತ್ತು. ಹಾಗಾಗಿ ನನ್ನ ಹತ್ತಿರ ಬಂದು ಹೇಳಿದವರಿಗೆ ನಾನು ಮೊದಲು ಟೀ ಕೊಡಿಸುತ್ತೇನೆ.

ಸೀನಿಯರ್‌ಗಳ ಕೇರ್ ಪ್ಲಾನ್ (ಪೇಶೆಂಟ್‌ಗೆ ಏನೇನು ಆರೈಕೆ ಅಂತ ಬರೆಯುವುದು) ನೋಡಿ ಬರೆದರೆ ತಪ್ಪಾ?

ನಿಮ್ಮ ಪೇಶೆಂಟ್ ಅಡಿಕೆ ಮರದಿಂದ ಬಿದ್ದವರು, ನಿಮ್ಮ ಕೇರ್ ಪ್ಲಾನಿನಲ್ಲಿ ಅವರಿಗೆ ಎದೆಹಾಲು ಕುಡಿಸುವುದು ಹೇಳಿಕೊಡಿ ಅಂತ ಇದ್ದರೆ ನಾನು ಏನು ಅಂದುಕೊಳ್ಳಲಿ? ಇದು ನಿಜವಾಗಿ ನನ್ನ ಟೇಬಲ್ಲಿಗೆ ಬಂದಿತ್ತು.

ಹೊರದೇಶದಲ್ಲಿ ನರ್ಸ್ ಲೈಸೆನ್ಸಿಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲೂ ಇದನ್ನೇ ಕೇಳುತ್ತಾರಾ?

ಹೌದು. 2023ರ ಏಪ್ರಿಲ್‌ನಿಂದ ಅದರ ಹೊಸ ರೂಪದಲ್ಲಿ ಒಂದೇ ಪೇಶೆಂಟ್ ಕಥೆ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಸುಳಿವು ಗುರುತಿಸುವುದರಿಂದ ಶುರುವಾಗಿ ಫಲ ನೋಡುವವರೆಗೆ. ಕೋಚಿಂಗ್ ತಪ್ಪೇನಿಲ್ಲ, ಆದರೆ ಇಲ್ಲಿ ಉಸಿರು ಎಣಿಸದೆ 20 ಬರೆದವರಿಗೆ ಅಲ್ಲೂ ಕಷ್ಟವೇ.

ನೈಟ್ ಡ್ಯೂಟಿ ಬ್ಯಾಗಿನಲ್ಲಿ ಏನೇನು ಇರಬೇಕು?

ಸೆಕೆಂಡ್ ಮುಳ್ಳಿರುವ ಗಡಿಯಾರ, ಮೊಬೈಲ್ ಅಲ್ಲ. ಎರಡು ಪೆನ್ನು, ಒಂದನ್ನು ಡಾಕ್ಟರ್ ತೆಗೆದುಕೊಂಡು ಹೋಗುತ್ತಾರೆ. ಸಣ್ಣ ಟಾರ್ಚ್. ಜೇಬಿಗೆ ಹಿಡಿಯುವ ಪುಸ್ತಕ, ಅದರಲ್ಲಿ ಪ್ರತಿ ಬೆಡ್ಡಿಗೆ ಒಂದು ಸಾಲು: ಬಂದಾಗ ಹೇಗಿದ್ದರು, ಹೋಗುವಾಗ ಹೇಗಿದ್ದಾರೆ. ಒಂದು ಸ್ವೆಟರ್. ಮಂಡಕ್ಕಿ ಮಿರ್ಚಿ ತಂದರೆ ನನಗೂ ಒಂದು ಪೊಟ್ಟಣ ಇರಲಿ, ಆದರೆ ಎಣ್ಣೆ ಕೈಯಲ್ಲಿ ಕೇಸ್ ಶೀಟ್ ಮುಟ್ಟಿದರೆ ಬಯ್ಯುತ್ತೇನೆ.